ಸಂಘ ಕಟ್ಟಿದರು, ಕುರ್ಚಿ ಹಿಡಿಯಲಿಲ್ಲ: ಪುನೀತ ಫ್ರೆಡ್ರಿಕ್ ಓಝಾನಮ್

ನಮ್ಮ ಕರಾವಳಿಯ ಅನೇಕ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಘಟಕಗಳಿವೆ. ಅವುಗಳ ಸಭೆ ನಡೆಯುವ ಕೋಣೆಯಲ್ಲಿ ಸಂತ ವಿನ್ಸೆಂಟರ ಚಿತ್ರದ ಪಕ್ಕದಲ್ಲಿ ಕೋಟು ತೊಟ್ಟ, ಗಡ್ಡವಿರುವ ಗೃಹಸ್ಥರೊಬ್ಬರ ಚಿತ್ರವನ್ನು ಹಲವರು ನೋಡಿರಬಹುದು. ಅವರೇ ಪುನೀತ ಫ್ರೆಡ್ರಿಕ್ ಓಝಾನಮ್. ಸಭೆಯ ಸ್ಥಾಪಕರೆಂದು ನಾವು ಅವರನ್ನು ಗೌರವಿಸುತ್ತೇವೆ. ಆದರೆ ಈ ಸ್ಥಾಪಕರು ತಮ್ಮ ಜೀವಮಾನದಲ್ಲಿ ಒಮ್ಮೆಯೂ ಆ ಸಂಸ್ಥೆಯ ಮಹಾಧ್ಯಕ್ಷರಾಗಿರಲಿಲ್ಲ ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ.

ಚರ್ಚಿನ ಸಂಘ ಸಂಸ್ಥೆಗಳಲ್ಲಿ ದುಡಿಯುವವರಿಗೆ ಈ ಸಂಗತಿ ಯೋಚನೆಗೆ ಹಚ್ಚುವಂಥದ್ದು. ಪದಾಧಿಕಾರಿಗಳ ಚುನಾವಣೆ ಬಂದಾಗ ನಮ್ಮಲ್ಲಿ ಆಗುವ ಮನಸ್ತಾಪಗಳು ಎಲ್ಲರಿಗೂ ಗೊತ್ತು. ಸ್ಥಾಪಿಸಿದವರು ಸರಿದ ಮೇಲೆ ಬಾಗಿಲು ಮುಚ್ಚಿದ ಸಂಘಗಳನ್ನೂ ನಾವು ಕಂಡಿದ್ದೇವೆ. ಏಳು ಮಂದಿಯಿಂದ ಶುರುವಾದ ಒಂದು ಸಂಘ 190 ವರ್ಷ ದಾಟಿ 150ಕ್ಕೂ ಹೆಚ್ಚು ದೇಶಗಳಲ್ಲಿ ಉಳಿದದ್ದು ಹೇಗೆ? ಉತ್ತರ ಓಝಾನಮ್ ಅವರ ನಲವತ್ತು ವರ್ಷಗಳ ಬದುಕಿನಲ್ಲಿದೆ.

ಬಾಲ್ಯ ಮತ್ತು ಮನೆ

ಫ್ರೆಡ್ರಿಕ್ ಓಝಾನಮ್ ಜನಿಸಿದ್ದು 1813ರ ಏಪ್ರಿಲ್ 23ರಂದು ಇಟಲಿಯ ಮಿಲಾನ್ ನಗರದಲ್ಲಿ. ಆಗ ಆ ನಗರ ನೆಪೋಲಿಯನ್‌ನ ಆಳ್ವಿಕೆಯಲ್ಲಿತ್ತು. ತಂದೆ ಜ್ಯಾನ್ ಆಂತ್ವಾನ್ ಓಝಾನಮ್ ನೆಪೋಲಿಯನ್‌ನ ಸೇನೆಯಲ್ಲಿ ಸೈನಿಕರಾಗಿದ್ದು, ನಂತರ ವೈದ್ಯರಾದವರು. ತಾಯಿ ಮರಿ ನಂತಾಸ್. ನೆಪೋಲಿಯನ್‌ನ ಪತನದ ನಂತರ ಕುಟುಂಬ ಫ್ರಾನ್ಸಿನ ಲಿಯೋನ್ ನಗರಕ್ಕೆ ಮರಳಿತು. ಈ ದಂಪತಿಗೆ ಹದಿನಾಲ್ಕು ಮಕ್ಕಳು ಹುಟ್ಟಿದರೂ ಹೆಚ್ಚಿನವರು ಎಳವೆಯಲ್ಲೇ ತೀರಿಹೋದರು. ಫ್ರೆಡ್ರಿಕ್ ಏಳು ವರ್ಷದವರಿದ್ದಾಗ, ತನಗೆ ಅಕ್ಷರ ಕಲಿಸಿದ ಪ್ರೀತಿಯ ಅಕ್ಕ ಎಲಿಸಾಳನ್ನೂ ಕಳೆದುಕೊಂಡರು. ಕೊನೆಗೆ ಉಳಿದವರು ಮೂವರು ಗಂಡುಮಕ್ಕಳು. ಹಿರಿಯವರಾದ ಅಲ್ಫೋನ್ಸ್ ಧರ್ಮಗುರುಗಳಾದರು, ಕಿರಿಯವರಾದ ಶಾರ್ಲ್ ವೈದ್ಯರಾದರು.

ತಂದೆ ಬಡ ರೋಗಿಗಳನ್ನು ಹಣ ಪಡೆಯದೆ ನೋಡುತ್ತಿದ್ದರು. ತಾಯಿಯೂ ಬಡವರ ಮನೆಗಳಿಗೆ ಹೋಗಿಬರುತ್ತಿದ್ದರು. ಬಡವರಿಗೆ ನೆರವಾಗಬೇಕಾದರೆ ಅವರ ಮನೆಯ ಮೆಟ್ಟಿಲು ಹತ್ತಬೇಕು ಎಂಬ ಪಾಠವನ್ನು ಫ್ರೆಡ್ರಿಕ್ ಪುಸ್ತಕದಿಂದ ಕಲಿಯಲಿಲ್ಲ, ಮನೆಯಲ್ಲೇ ಕಲಿತರು. ಮುಂದೆ 1837ರಲ್ಲಿ ತಂದೆಯವರು ತೀರಿಕೊಂಡದ್ದೂ ಬಡ ರೋಗಿಯೊಬ್ಬರನ್ನು ನೋಡಲು ಹೋದಾಗ ಮೆಟ್ಟಿಲಿನಿಂದ ಬಿದ್ದೇ.

ಹದಿಹರೆಯದಲ್ಲಿ ಫ್ರೆಡ್ರಿಕ್ ಅವರನ್ನು ವಿಶ್ವಾಸದ ಬಗೆಗಿನ ಸಂಶಯಗಳು ಬಹಳವಾಗಿ ಕಾಡಿದವು. ಈ ಕಷ್ಟ ಕಾಲದಲ್ಲಿ ಕೈಹಿಡಿದವರು ತತ್ವಶಾಸ್ತ್ರದ ಅಧ್ಯಾಪಕರಾದ ವಂದನೀಯ ನ್ವಾರೊ. ಅವರು ಶಿಷ್ಯನನ್ನು ಗದರಿಸಲಿಲ್ಲ. ಜತೆಯಲ್ಲಿ ದೂರದೂರ ನಡೆಯುತ್ತ, ಪ್ರಶ್ನೆಗಳಿಗೆ ಕಿವಿಗೊಡುತ್ತ ಮನಸ್ಸನ್ನು ತಿಳಿಯಾಗಿಸಿದರು. ಎದುರಾಳಿಯ ಮಾತನ್ನು ಪೂರ್ತಿ ಕೇಳುವ ಗುಣ ಫ್ರೆಡ್ರಿಕ್ ಅವರಲ್ಲಿ ಬೆಳೆದದ್ದು ಇಲ್ಲಿಂದಲೇ ಇರಬೇಕು.

ಪ್ಯಾರಿಸ್ ನಗರಕ್ಕೆ

1831ರಲ್ಲಿ ತಂದೆಯ ಇಚ್ಛೆಯಂತೆ ಕಾನೂನು ಕಲಿಯಲು ಫ್ರೆಡ್ರಿಕ್ ಪ್ಯಾರಿಸಿಗೆ ಬಂದರು. ಊರು ದೊಡ್ಡದು, ಪರಿಚಯದವರು ಕಡಿಮೆ. ವಿಶ್ವವಿದ್ಯಾಲಯದಲ್ಲಿ ಧರ್ಮಸಭೆಯನ್ನು ಹೀಯಾಳಿಸುವುದು ಸಾಮಾನ್ಯವಾಗಿತ್ತು. ಆಗ ಅವರಿಗೆ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟವರು ಹೆಸರಾಂತ ವಿಜ್ಞಾನಿ ಆಂದ್ರೆ ಮರಿ ಆಂಪಿಯರ್. ವಿದ್ಯುತ್ ಪ್ರವಾಹವನ್ನು ಅಳೆಯುವ ಮಾನಕ್ಕೆ ನಾವು ಹೇಳುವ ಆಂಪಿಯರ್ ಎಂಬ ಹೆಸರು ಇವರದೇ. ಅಂಥ ಮಹಾವಿಜ್ಞಾನಿ ಚರ್ಚಿನ ಮೂಲೆಯಲ್ಲಿ ಮೊಣಕಾಲೂರಿ ಜಪಸರ ಹಿಡಿದು ಪ್ರಾರ್ಥಿಸುವುದನ್ನು ಕಂಡು ಯುವಕನ ವಿಶ್ವಾಸ ಗಟ್ಟಿಯಾಯಿತೆಂದು ಜೀವನ ಚರಿತ್ರೆಗಳು ಹೇಳುತ್ತವೆ.

ಅದು ಕಷ್ಟದ ಕಾಲ. 1831ರ ನವೆಂಬರಿನಲ್ಲಿ ಲಿಯೋನಿನ ರೇಷ್ಮೆ ನೇಕಾರರು ಕೂಲಿಗಾಗಿ ದಂಗೆ ಎದ್ದಿದ್ದರು. 1832ರಲ್ಲಿ ಪ್ಯಾರಿಸಿಗೆ ಬಂದ ಕಾಲರಾ ಮಾರಿ ಸುಮಾರು 18,000 ಜನರನ್ನು ಬಲಿ ತೆಗೆದುಕೊಂಡಿತು. ಬಡವರ ಕೇರಿಗಳಲ್ಲಿ ಸಾವು ಹೆಚ್ಚು.

ಆಗ ಎಮ್ಮಾನ್ಯುಯೆಲ್ ಬೈಲಿ ಎಂಬ ಪತ್ರಿಕಾ ಪ್ರಕಾಶಕರು ವಿದ್ಯಾರ್ಥಿಗಳಿಗಾಗಿ ಚರ್ಚಾಕೂಟವೊಂದನ್ನು ನಡೆಸುತ್ತಿದ್ದರು. ಅದಕ್ಕೆ ಇತಿಹಾಸದ ಕಾನ್ಫರೆನ್ಸ್ ಎಂದು ಹೆಸರು. ವಿಶ್ವಾಸಿಗಳೂ ನಾಸ್ತಿಕರೂ ಅಲ್ಲಿ ಸೇರಿ ವಾದ ಮಾಡುತ್ತಿದ್ದರು. ಓಝಾನಮ್ ಅಲ್ಲಿ ಒಳ್ಳೆಯ ವಾಗ್ಮಿ ಎನಿಸಿಕೊಂಡರು. ಧರ್ಮಸಭೆ ಹಿಂದೆ ಮಾಡಿದ ಒಳ್ಳೆಯ ಕಾರ್ಯಗಳನ್ನು ಅವರು ಎತ್ತಿ ಹೇಳುತ್ತಿದ್ದಾಗ ಒಂದು ದಿನ ಎದುರಾಳಿ ವಿದ್ಯಾರ್ಥಿಯೊಬ್ಬ ನೇರ ಪ್ರಶ್ನೆ ಹಾಕಿದ. ಹಿಂದಿನದು ಇರಲಿ, ಈಗ ಈ ಊರಿನ ಬಡವರಿಗಾಗಿ ನೀವು ಮಾಡುತ್ತಿರುವುದೇನು ಎಂಬುದು ಅವನ ಪ್ರಶ್ನೆಯ ತಾತ್ಪರ್ಯ.

ಉತ್ತರ ಕೊಡುವುದು ಓಝಾನಮ್ ಅವರಂಥ ವಾಗ್ಮಿಗೆ ಕಷ್ಟವಾಗಿರಲಿಲ್ಲ. ಆದರೆ ಅವರಿಗೂ ಗೆಳೆಯರಿಗೂ ಆ ಮಾತು ಸರಿ ಎನ್ನಿಸಿತು. ಅವಮಾನವಾಯಿತೆಂದು ಮುನಿಸಿಕೊಳ್ಳದೆ ಟೀಕೆಯಲ್ಲಿದ್ದ ಸತ್ಯವನ್ನು ಒಪ್ಪಿಕೊಂಡರು. ಅಂದು ಅವರೂ ಗೆಳೆಯ ಲೆ ತೈಯಾಂದಿಯೆಯೂ ತಮ್ಮ ಕೋಣೆಯಲ್ಲಿ ಚಳಿಗೆಂದು ಇಟ್ಟುಕೊಂಡಿದ್ದ ಸೌದೆಯನ್ನು ಹೊತ್ತು ಒಬ್ಬ ಬಡವರ ಮನೆಗೆ ಕೊಟ್ಟು ಬಂದರೆಂದು ಸಭೆಯ ಇತಿಹಾಸದಲ್ಲಿ ಹೇಳಿಕೊಂಡು ಬಂದಿದೆ.

ಏಳು ಮಂದಿಯ ಮೊದಲ ಸಭೆ

1833ರ ಏಪ್ರಿಲ್ 23, ಮಂಗಳವಾರ. ಓಝಾನಮ್ ಅವರಿಗೆ ಅಂದು ಸರಿಯಾಗಿ ಇಪ್ಪತ್ತು ವರ್ಷ ತುಂಬಿತ್ತು. ಬೈಲಿಯವರ ಪತ್ರಿಕಾ ಕಚೇರಿಯಲ್ಲಿ ಏಳು ಮಂದಿ ಸೇರಿದರು. ಬೈಲಿಯವರನ್ನು ಬಿಟ್ಟರೆ ಉಳಿದ ಆರು ಮಂದಿಯೂ ವಿದ್ಯಾರ್ಥಿಗಳು: ಓಝಾನಮ್, ಒಗುಸ್ತ್ ಲೆ ತೈಯಾಂದಿಯೆ, ಪೌಲ್ ಲಮಾಶ್, ಫ್ರಾನ್ಸ್ವಾ ಲಾಲಿಯೆ, ಫೆಲಿಕ್ಸ್ ಕ್ಲಾವೆ ಮತ್ತು ಜೂಲ್ ದೆವೊ.

ಈ ಸಭೆಯಲ್ಲಿ ಅಧ್ಯಕ್ಷರಾದವರು ಓಝಾನಮ್ ಅಲ್ಲ, ಬೈಲಿ. ಅವರು ಉಳಿದವರಿಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯರು, ವ್ಯವಹಾರ ಬಲ್ಲವರು. ಯುವಕರಲ್ಲಿ ಉತ್ಸಾಹವಿತ್ತು, ಅನುಭವ ಇರಲಿಲ್ಲ. ಆದುದರಿಂದ ಹಿರಿಯರನ್ನು ಮುಂದಿಟ್ಟುಕೊಂಡರು. ದೆವೊ ಅವರಿಗೆ ಖಜಾಂಚಿಯ ಕೆಲಸ ಕೊಟ್ಟರು. ಯಾರಿಗೆ ಯಾವ ಕೆಲಸ ಒಗ್ಗುತ್ತದೋ ಅದು ಅವರಿಗೆ.

ಆದರೆ ಬಡವರನ್ನು ಹುಡುಕುವುದೆಲ್ಲಿ? ಅವರೊಡನೆ ಮಾತಾಡುವುದು ಹೇಗೆ? ಇದು ಏಳು ಮಂದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪ್ಯಾರಿಸಿನ ಮುಫ್ತಾರ್ ಎಂಬ ಬಡ ಕೇರಿಯಲ್ಲಿ ಆಗ ಸಂತ ವಿನ್ಸೆಂಟರ ದಯಾಪುತ್ರಿಯರ ಸಂಸ್ಥೆಯ ಧರ್ಮಭಗಿನಿ ರೋಸಲಿ ರೆಂಡು ವರ್ಷಗಳಿಂದ ಸೇವೆ ಮಾಡುತ್ತಿದ್ದರು. ಆ ಕೇರಿಯ ಓಣಿ ಓಣಿಯೂ ಅವರಿಗೆ ಗೊತ್ತು. ಯುವಕರು ಅವರಲ್ಲಿಗೆ ಹೋದರು. ಸಿಸ್ಟರ್ ರೋಸಲಿ ಕುಟುಂಬಗಳ ಹೆಸರು ಕೊಟ್ಟರು, ಆರಂಭದಲ್ಲಿ ಹಂಚಲು ಬೇಕಾದ ರೊಟ್ಟಿಯ ಚೀಟಿಗಳನ್ನೂ ಕೊಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ ಬಡವರ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಟ್ಟರು. ತಮ್ಮಷ್ಟು ಕಾಲೇಜು ಕಲಿಯದ ಒಬ್ಬ ಧರ್ಮಭಗಿನಿಯ ಮುಂದೆ ವಿದ್ಯಾರ್ಥಿಗಳಾಗಿ ನಿಲ್ಲಲು ಸೊರ್ಬೋನಿನ ಆ ವಿದ್ಯಾರ್ಥಿಗಳು ನಾಚಲಿಲ್ಲ.

ಸಭೆ ನಡೆಸುವ ಕ್ರಮವೂ ಸರಳ. ವಾರಕ್ಕೊಮ್ಮೆ ಸೇರುವುದು. ಮೊದಲು ಪ್ರಾರ್ಥನೆ, ಸ್ವಲ್ಪ ಆಧ್ಯಾತ್ಮಿಕ ಓದು. ನಂತರ ಪ್ರತಿಯೊಬ್ಬರೂ ತಾವು ಭೇಟಿ ಮಾಡಿದ ಕುಟುಂಬದ ವಿಷಯ ಹೇಳುವುದು, ಮುಂದಿನ ವಾರದ ನೆರವು ನಿರ್ಧರಿಸುವುದು. ಕೊನೆಗೆ ಯಾರೆಷ್ಟು ಹಾಕಿದರೆಂದು ಇನ್ನೊಬ್ಬರಿಗೆ ತಿಳಿಯದ ಹಾಗೆ ಗುಪ್ತ ಕಾಣಿಕೆ. ಸಿರಿವಂತನಿಗೂ ಕೈ ಬರಿದಾದವನಿಗೂ ಸಭೆಯಲ್ಲಿ ಒಂದೇ ಸ್ಥಾನ ಉಳಿಯಲು ಈ ಚಿಕ್ಕ ಪದ್ಧತಿ ನೆರವಾಯಿತು. ಬರೇ ಕುಳಿತು ಕೇಳುವ ಸದಸ್ಯ ಅಲ್ಲಿ ಇರಲಿಲ್ಲ. ಪ್ರತಿಯೊಬ್ಬನಿಗೂ ಒಂದು ಮನೆಯ ಜವಾಬ್ದಾರಿ ಇತ್ತು, ಪ್ರತಿ ವಾರ ವರದಿ ಹೇಳಬೇಕಿತ್ತು.

ಚರ್ಚಾಕೂಟದ ಹೆಸರಿನಿಂದಲೇ ಈ ಘಟಕಗಳಿಗೆ ಕಾನ್ಫರೆನ್ಸ್ ಎಂಬ ಹೆಸರು ಉಳಿಯಿತು. 1834ರಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲರನ್ನು ಪಾಲಕರಾಗಿ ಆರಿಸಿಕೊಂಡರು.

ಎಂಟನೆಯವನಿಗೆ ಜಾಗ ಇದೆಯೇ?

ಸಂಘದ ಮೊದಲ ಪರೀಕ್ಷೆ ಬೇಗನೆ ಬಂತು. ಹೊಸಬನೊಬ್ಬ ಸೇರಲು ಬಯಸಿದ. ಏಳು ಮಂದಿಯ ನಡುವೆ ಆಗಲೇ ಗಾಢ ಸ್ನೇಹ ಬೆಳೆದಿತ್ತು. ಹೊರಗಿನವರು ಬಂದರೆ ಈ ಆತ್ಮೀಯತೆ ಕೆಡುತ್ತದೆ, ಇಷ್ಟೇ ಮಂದಿ ಸಾಕು ಎಂಬ ಅಭಿಪ್ರಾಯ ಕೆಲವರಲ್ಲಿತ್ತು. ಇದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಕೊನೆಗೆ ಗುಸ್ತಾವ್ ಕೊಲಾಸ್ ದೆ ಲಾ ನೂ ಎಂಬ ಯುವಕನನ್ನು ಸೇರಿಸಿಕೊಳ್ಳಲು ಒಪ್ಪಿದರು. ಒಮ್ಮೆ ಬಾಗಿಲು ತೆರೆದ ಮೇಲೆ ಬರುವವರ ಸಂಖ್ಯೆ ನಿಲ್ಲಲಿಲ್ಲ. 1834ರ ಕೊನೆಯ ಹೊತ್ತಿಗೆ ಸದಸ್ಯರು ನೂರಕ್ಕೂ ಹೆಚ್ಚಾದರು.

ಈಗ ಇನ್ನೊಂದು ಕಷ್ಟ. ನೂರು ಮಂದಿ ಒಂದೇ ಕೋಣೆಯಲ್ಲಿ ಕುಳಿತರೆ ಎಲ್ಲರ ವರದಿ ಕೇಳಲು ಸಮಯವೆಲ್ಲಿ? ದೂರದ ಕೇರಿಗಳಿಗೆ ಹೋಗುವವರಾರು? ಡಿಸೆಂಬರಿನಲ್ಲಿ ಓಝಾನಮ್ ಒಂದು ಸೂಚನೆ ಮುಂದಿಟ್ಟರು. ಕಾನ್ಫರೆನ್ಸನ್ನು ವಿಭಾಗಗಳಾಗಿ ಮಾಡಿ ಬೇರೆ ಬೇರೆ ಧರ್ಮಕೇಂದ್ರಗಳಲ್ಲಿ ನಡೆಸೋಣ ಎಂಬುದು ಅದರ ಸಾರ.

ಅಂದಿನ ಚರ್ಚೆ ಬಿಸಿಯೇರಿತು. ವಿರೋಧಿಸಿದವರು ಹೊರಗಿನವರಲ್ಲ, ಜತೆಯಲ್ಲಿ ದುಡಿದ ಆಪ್ತ ಗೆಳೆಯರೇ. ಒಂದಾಗಿದ್ದುದನ್ನು ಯಾಕೆ ಒಡೆಯಬೇಕು, ಬೇರೆಯಾದ ಮೇಲೆ ಒಬ್ಬರಿಗೊಬ್ಬರು ಅಪರಿಚಿತರಾಗುವುದಿಲ್ಲವೇ ಎಂಬ ಭಯ ಅವರದು. ಕಣ್ಣೀರು ಹಾಕಿದವರೂ ಇದ್ದರು. ವರ್ಷದ ಕೊನೆಯ ರಾತ್ರಿಯ ಸಭೆಯೂ ಒಮ್ಮತಕ್ಕೆ ಬರದೆ ಮುಗಿಯಿತು. ಆದರೆ ಅಧ್ಯಕ್ಷ ಬೈಲಿ ಆ ರಾತ್ರಿ ಯಾರನ್ನೂ ಮುನಿಸಿನಲ್ಲಿ ಮನೆಗೆ ಕಳುಹಿಸಲಿಲ್ಲ. ವಾದ ಮಾಡಿದವರು ಪರಸ್ಪರ ಅಪ್ಪಿಕೊಂಡು ಹೊಸ ವರ್ಷದ ಶುಭಾಶಯ ಹೇಳಿಯೇ ಬೇರೆಯಾದರು.

ಓಝಾನಮ್ ತಮ್ಮ ಸೂಚನೆಯನ್ನು ಬಿಡಲಿಲ್ಲ, ಆದರೆ ಅದಕ್ಕಾಗಿ ಗುಂಪು ಕಟ್ಟಲೂ ಇಲ್ಲ. ಬೈಲಿ ಆತುರಪಡದೆ ಕೆಲವು ವಾರ ಕಾದರು. 1835ರ ಆರಂಭದಲ್ಲಿ ವಿಭಾಗವಾಯಿತು. ಒಂದು ಘಟಕ ಸಂತ ಎತಿಯೆನ್ ದು ಮೋಂ ಚರ್ಚಿನಲ್ಲಿ, ಇನ್ನೊಂದು ಸಂತ ಸುಲ್ಪೀಸ್ ಚರ್ಚಿನಲ್ಲಿ. ಮುಂದೆ ಒಂದೊಂದಾಗಿ ಬೇರೆ ಧರ್ಮಕೇಂದ್ರಗಳಲ್ಲಿಯೂ ಶುರುವಾದವು.

ಅಂದು ವಿಭಾಗವಾಗದೆ ಇದ್ದಿದ್ದರೆ ಈ ಸಂಘ ಪ್ಯಾರಿಸಿನ ಒಳ್ಳೆಯ ವಿದ್ಯಾರ್ಥಿ ಗೆಳೆಯರ ಕೂಟವಾಗಿ ಕೆಲವು ವರ್ಷ ನಡೆದು, ಅವರ ಓದು ಮುಗಿಯುವಾಗ ತಾನೂ ಮುಗಿಯುವ ಸಂಭವವಿತ್ತು. ಸಣ್ಣ ಘಟಕಗಳಾದುದರಿಂದ ಪ್ರತಿಯೊಂದಕ್ಕೂ ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿ ಬೇಕಾಯಿತು. ಹಾಗೆ ಮಾತಾಡದೆ ಹಿಂದೆ ಕುಳಿತವರೂ ಮುಂದೆ ಬರಬೇಕಾಯಿತು.

ನಡೆದು ನೋಡಿದ ಮೇಲೆ ನಿಯಮ

ಸಂಘಕ್ಕೆ ಲಿಖಿತ ನಿಯಮಾವಳಿ ಬಂದದ್ದು 1835ರ ಡಿಸೆಂಬರಿನಲ್ಲಿ, ಎಂದರೆ ಶುರುವಾಗಿ ಎರಡೂವರೆ ವರ್ಷಗಳ ನಂತರ. ಅದನ್ನು ಬರೆದವರೂ ಓಝಾನಮ್ ಅಲ್ಲ. ನಿಯಮಗಳನ್ನು ಮುಖ್ಯವಾಗಿ ಲಾಲಿಯೆ ಸಿದ್ಧಪಡಿಸಿದರು, ಪ್ರಸ್ತಾವನೆಯನ್ನು ಬೈಲಿ ಬರೆದರು. ಹೊಸದಾಗಿ ಊಹಿಸಿ ಬರೆದ ನಿಯಮಗಳಲ್ಲ ಅವು. ಅಷ್ಟು ಕಾಲ ಸದಸ್ಯರು ನಡೆಸಿಕೊಂಡು ಬಂದ ಪದ್ಧತಿಗಳನ್ನೇ ಕಾಗದದ ಮೇಲೆ ಇಳಿಸಿದರು.

ಆ ನಿಯಮಗಳಲ್ಲಿ ಎರಡು ಸಂಗತಿಗಳು ಮುಖ್ಯವಾದವು. ಸಭೆಯಲ್ಲಿ ರಾಜಕೀಯ ತರಬಾರದು ಎಂಬುದು ಒಂದು. ಎಲ್ಲಾ ಘಟಕಗಳೂ ವರ್ಷಕ್ಕೆ ನಾಲ್ಕು ಬಾರಿ ಮಹಾಸಭೆಯಾಗಿ ಒಟ್ಟುಗೂಡಬೇಕು ಎಂಬುದು ಇನ್ನೊಂದು. ವಿಭಾಗವಾದರೆ ಅಪರಿಚಿತರಾಗುತ್ತೇವೆ ಎಂದು ಹೆದರಿದ್ದ ಗೆಳೆಯರ ಮಾತಿಗೆ ಇಲ್ಲಿ ಉತ್ತರ ಸಿಕ್ಕಿತು. ಗೆದ್ದ ಪಕ್ಷ ಸೋತ ಪಕ್ಷದ ಭಯವನ್ನು ತಳ್ಳಿಹಾಕಲಿಲ್ಲ, ಅದಕ್ಕೆ ಪರಿಹಾರ ಹುಡುಕಿತು.

ಲಿಯೋನಿನಲ್ಲಿ ವಿರೋಧ

ಓದು ಮುಗಿಸಿ ಊರಿಗೆ ಮರಳಿದ ಓಝಾನಮ್ 1836ರಲ್ಲಿ ಲಿಯೋನಿನಲ್ಲಿ ಕಾನ್ಫರೆನ್ಸ್ ಆರಂಭಿಸಿ ಅದರ ಅಧ್ಯಕ್ಷರಾದರು. ಇಲ್ಲಿ ಅವರಿಗೆ ಎದುರಾದದ್ದು ನಾಸ್ತಿಕರಲ್ಲ, ಸ್ವಂತ ಧರ್ಮದವರೇ. ಗೃಹಸ್ಥ ಯುವಕರು ತಮ್ಮಷ್ಟಕ್ಕೆ ಸಂಘ ಕಟ್ಟುವುದನ್ನು ಊರಿನ ಕೆಲವು ಪ್ರತಿಷ್ಠಿತರು ಸಂಶಯದಿಂದ ನೋಡಿದರು. ಓಝಾನಮ್ ಅವರೊಡನೆ ಜಗಳಕ್ಕೆ ನಿಲ್ಲಲಿಲ್ಲ. ಸದ್ದಿಲ್ಲದೆ ಕುಟುಂಬಗಳ ಭೇಟಿ ಮುಂದುವರಿಸಿದರು, ನಗರದಲ್ಲಿದ್ದ ಸೈನಿಕರಿಗಾಗಿ ಓದು ಮತ್ತು ಪುಸ್ತಕಗಳ ವ್ಯವಸ್ಥೆ ಮಾಡಿದರು. ಕೆಲಸ ಕಣ್ಣಿಗೆ ಕಂಡ ಮೇಲೆ ಮಾತು ಕಡಿಮೆಯಾಯಿತು.

ಇದೇ ಸಮಯದಲ್ಲಿ ಅವರು ಪ್ಯಾರಿಸಿನಲ್ಲಿದ್ದ ಲಾಲಿಯೆಯವರಿಗೆ ಪತ್ರಗಳನ್ನು ಬರೆಯುತ್ತಲೇ ಇದ್ದರು. ಊರೂರಿನ ಘಟಕಗಳು ತಮ್ಮ ವರದಿಗಳನ್ನು ಕೇಂದ್ರಕ್ಕೆ ಕಳುಹಿಸಬೇಕು, ಕೇಂದ್ರ ಎಲ್ಲರಿಗೂ ಸುತ್ತೋಲೆ ಬರೆಯಬೇಕು, ಹಾಗಾದರೆ ಮಾತ್ರ ಸಂಬಂಧ ಉಳಿಯುತ್ತದೆ ಎಂಬುದು ಅವರ ಕಾಳಜಿ. ಇಂದು ಸಂಘಗಳಲ್ಲಿ ಎಲ್ಲರಿಗೂ ಬೇಸರವೆನಿಸುವ ಈ ವರದಿ ಬರೆಯುವ ಕೆಲಸವನ್ನು ಅವರು ಕುಟುಂಬದವರು ಒಬ್ಬರಿಗೊಬ್ಬರು ಬರೆಯುವ ಕ್ಷೇಮ ಸಮಾಚಾರದಂತೆ ಕಂಡರು.

ಓಝಾನಮ್ ಎಲ್ಲದರಲ್ಲೂ ಗಟ್ಟಿ ನಿರ್ಧಾರದ ವ್ಯಕ್ತಿಯಾಗಿರಲಿಲ್ಲ. ಧರ್ಮಗುರುವಾಗುವುದೇ, ಮದುವೆಯಾಗುವುದೇ, ವಕೀಲಿಯೇ, ಅಧ್ಯಾಪನವೇ ಎಂದು ವರ್ಷಗಟ್ಟಲೆ ತೊಳಲಾಡಿದರು. ಮನಸ್ಸು ಬೇಗ ಕುಗ್ಗುತ್ತಿತ್ತು. ಗೆಳೆಯರ ಸಲಹೆ ಇಲ್ಲದೆ ಅವರು ಹೆಜ್ಜೆ ಇಡುತ್ತಿದ್ದುದು ಅಪರೂಪ. ನಾಯಕರಾಗಲು ಹುಟ್ಟಿನಿಂದಲೇ ಧೈರ್ಯಶಾಲಿಗಳಾಗಿರಬೇಕು ಎಂದು ತಿಳಿದವರು ಇದನ್ನು ಗಮನಿಸಬೇಕು.

ಎರಡು ಸಲ ಖಾಲಿಯಾದ ಸ್ಥಾನ

1839ರಲ್ಲಿ ದಾಂತೆ ಕವಿಯ ಮೇಲೆ ಪ್ರಬಂಧ ಬರೆದು ಓಝಾನಮ್ ಡಾಕ್ಟರೇಟ್ ಪಡೆದರು. 1840ರಲ್ಲಿ ಪ್ರಾಧ್ಯಾಪಕರ ರಾಷ್ಟ್ರೀಯ ಸ್ಪರ್ಧಾ ಪರೀಕ್ಷೆಯಲ್ಲಿ ಮೊದಲಿಗರಾದರು. 1841ರ ಜೂನ್ 23ರಂದು ಅಮೆಲಿ ಸುಲಾಕ್ರುವಾ ಅವರನ್ನು ವಿವಾಹವಾಗಿ ಪ್ಯಾರಿಸಿನಲ್ಲಿ ಸಂಸಾರ ಹೂಡಿದರು. 1844ರಲ್ಲಿ ಸೊರ್ಬೋನಿನಲ್ಲಿ ವಿದೇಶಿ ಸಾಹಿತ್ಯದ ಪೂರ್ಣ ಪ್ರಾಧ್ಯಾಪಕರಾದರು. 1845ರಲ್ಲಿ ಮಗಳು ಮರಿ ಜನಿಸಿದಳು.

1844ರಲ್ಲಿಯೇ ಬೈಲಿ ಮಹಾಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಓಝಾನಮ್ ಆಗ ಉಪಾಧ್ಯಕ್ಷರಲ್ಲಿ ಒಬ್ಬರು, ಹೆಸರಾಂತ ಪ್ರಾಧ್ಯಾಪಕರು, ಮೊದಲ ಏಳು ಮಂದಿಯಲ್ಲಿ ಒಬ್ಬರು. ಆದರೂ ಆ ಸ್ಥಾನಕ್ಕೆ ಬಂದವರು ಹಿರಿಯ ನ್ಯಾಯವೇತ್ತ ಜೂಲ್ ಗೋಸೆಂ. ಕೆಲವೇ ವರ್ಷಗಳಲ್ಲಿ ಗೋಸೆಂ ಕೂಡ ನಿವೃತ್ತರಾದಾಗ ಆ ಸ್ಥಾನಕ್ಕೆ ಬಂದವರು ಇನ್ನೂ ಮೂವತ್ತು ತುಂಬದ ಅಡೊಲ್ಫ್ ಬೋದೊಂ. ಓಝಾನಮ್ ಮೊದಲು ತಮಗಿಂತ ಹಿರಿಯರ ಕೈಕೆಳಗೆ, ನಂತರ ತಮಗಿಂತ ಕಿರಿಯರ ಕೈಕೆಳಗೆ ಕೆಲಸ ಮಾಡಿದರು. ಯಾರ ಕಾಲದಲ್ಲೂ ಹಿಂದೆ ನಿಂತು ಕೈಯಾಡಿಸಲಿಲ್ಲ, ಸಂಘವನ್ನು ಬಿಟ್ಟು ದೂರವೂ ಹೋಗಲಿಲ್ಲ. ಬೋದೊಂ ಮುಂದೆ 1886ರ ತನಕ ಸಂಸ್ಥೆಯನ್ನು ನಡೆಸಿದರು.

ಈ ಅವಧಿಯಲ್ಲಿ ಸಂಸ್ಥೆ ಫ್ರಾನ್ಸಿನ ಗಡಿ ದಾಟಿತು. 1844ರಲ್ಲಿ ಡಬ್ಲಿನ್ ಮತ್ತು ಲಂಡನ್, 1845ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರಗಳಲ್ಲಿ ಕಾನ್ಫರೆನ್ಸುಗಳು ಶುರುವಾದವು.

1848ರ ಬಿರುಗಾಳಿ

1848ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಗಿ ಗಣರಾಜ್ಯ ಬಂತು. ಓಝಾನಮ್ ಗಣರಾಜ್ಯದ ಪರ, ದುಡಿಯುವವರ ಹಕ್ಕುಗಳ ಪರ. ಧರ್ಮಗುರು ಲಕೊರ್ದೇರ್ ಮತ್ತಿತರರ ಜತೆ ಸೇರಿ ಹೊಸ ಪತ್ರಿಕೆ ತಂದರು, ಸಂವಿಧಾನ ಸಭೆಯ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ. ಸಂಘದ ಎಷ್ಟೋ ಸದಸ್ಯರು ಇದಕ್ಕೆ ತೀರ ವಿರುದ್ಧವಾದ ಅಭಿಪ್ರಾಯದವರು.

ಜೂನ್ ತಿಂಗಳಲ್ಲಿ ಪ್ಯಾರಿಸಿನ ಬೀದಿಗಳಲ್ಲಿ ರಕ್ತ ಹರಿಯಿತು. ಕೆಲಸ ಕಳೆದುಕೊಂಡ ಕಾರ್ಮಿಕರು ಒಂದು ಕಡೆ, ಸರಕಾರಿ ಪಡೆ ಇನ್ನೊಂದು ಕಡೆ. ಓಝಾನಮ್ ಆಗ ರಾಷ್ಟ್ರೀಯ ರಕ್ಷಕ ದಳದಲ್ಲಿದ್ದರು. ಅವರೂ ಇಬ್ಬರು ಗೆಳೆಯರೂ ಆರ್ಚ್‌ಬಿಷಪ್ ಅಫ್ರ್ ಅವರ ಬಳಿಗೆ ಹೋಗಿ, ಮಧ್ಯಸ್ಥಿಕೆ ವಹಿಸಬೇಕೆಂದು ಕೇಳಿಕೊಂಡರು. ಜೂನ್ 25ರಂದು ಆರ್ಚ್‌ಬಿಷಪ್ ಶಾಂತಿಗಾಗಿ ಬೀದಿ ತಡೆಗಳ ಬಳಿ ಹೋದಾಗ ಗುಂಡೇಟು ತಗಲಿ, ಎರಡು ದಿನಗಳ ನಂತರ ಪ್ರಾಣ ಬಿಟ್ಟರು. ಇದು ಓಝಾನಮ್ ಅವರ ಮನಸ್ಸಿನಲ್ಲಿ ಆಳವಾದ ನೋವನ್ನು ಉಳಿಸಿತು. ಮಹಾಧ್ಯಕ್ಷ ಬೋದೊಂ ಅವರೂ ಆ ದಿನಗಳ ಕಾಳಗದಲ್ಲಿ ಗಾಯಗೊಂಡಿದ್ದರು.

ಇಂಥ ಸಮಯದಲ್ಲಿ ಸಂಘ ಒಡೆದುಹೋಗುವುದು ಸುಲಭವಿತ್ತು. ಒಡೆಯಲಿಲ್ಲ. ಸಭೆಗೆ ರಾಜಕೀಯ ತರಬಾರದೆಂಬ ಹಳೆಯ ನಿಯಮ ಅಂದು ನೆರವಿಗೆ ಬಂತು. ಓಝಾನಮ್ ತಮ್ಮ ಅಭಿಪ್ರಾಯಗಳನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು, ಆದರೆ ಕಾನ್ಫರೆನ್ಸಿನ ಕೋಣೆಗೆ ತರಲಿಲ್ಲ. ಹೊರಗೆ ಭಿನ್ನಮತದವರಾಗಿದ್ದವರು ಒಳಗೆ ಹಸಿದ ಕುಟುಂಬಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಟ್ಟಿಗೆ ಕುಳಿತರು. 1849ರಲ್ಲಿ ಕಾಲರಾ ಮತ್ತೆ ಬಂದಾಗಲೂ ಸದಸ್ಯರು ಸಿಸ್ಟರ್ ರೋಸಲಿಯವರ ಕೇರಿಗಳಲ್ಲಿ ರೋಗಿಗಳ ಸೇವೆಗೆ ಇಳಿದರು.

ಕೊನೆಯ ದಿನಗಳು

ಅತಿಯಾದ ದುಡಿಮೆಯಿಂದ ಓಝಾನಮ್ ಅವರ ಆರೋಗ್ಯ ಕೆಡುತ್ತ ಬಂತು. ಮೂತ್ರಪಿಂಡದ ಕಾಯಿಲೆ ಬಲಿಯಿತು. ವೈದ್ಯರ ಸಲಹೆಯಂತೆ ಇಟಲಿಗೆ ಹೋದರು. ಅಲ್ಲಿಯೂ ಸುಮ್ಮನಿರದೆ ತೊಸ್ಕಾನಾ ಪ್ರಾಂತ್ಯದ ಕಾನ್ಫರೆನ್ಸುಗಳಿಗೆ ನೆರವಾದರು. 1853ರ ಜನವರಿಯಲ್ಲಿ ಫ್ಲಾರೆನ್ಸಿನ ಸದಸ್ಯರಿಗೆ ಸಂಘದ ಆರಂಭದ ಕತೆಯನ್ನು ತಾವೇ ಹೇಳಿದರು.

1853ರ ಸೆಪ್ಟೆಂಬರ್ 8ರಂದು, ನಮ್ಮ ಕರಾವಳಿಯಲ್ಲಿ ನಾವು ತೆನೆ ಹಬ್ಬವಾಗಿ, ಮೊಂತಿ ಫೆಸ್ತಾಗಿ ಆಚರಿಸುವ ಕನ್ಯಾ ಮರಿಯಮ್ಮನವರ ಜನ್ಮದಿನದಂದು, ಮಾರ್ಸೆ ನಗರದಲ್ಲಿ ಓಝಾನಮ್ ನಿಧನರಾದರು. ಆಗ ಅವರಿಗೆ ನಲವತ್ತು ವರ್ಷ, ಮಗಳಿಗೆ ಎಂಟು. ಪ್ಯಾರಿಸಿನ ಸಂತ ಜೋಸೆಫ್ ದೆ ಕಾರ್ಮ್ ಚರ್ಚಿನ ನೆಲಮಾಳಿಗೆಯಲ್ಲಿ ಅವರ ಸಮಾಧಿ ಇದೆ.

ಅವರಿಲ್ಲದೆ ನಡೆದ ಪರೀಕ್ಷೆ

ಸಂಘ ಎಷ್ಟು ಗಟ್ಟಿ ಎಂಬುದು ಕಟ್ಟಿದವರು ಹೋದ ಮೇಲೆ ತಿಳಿಯುತ್ತದೆ. ಓಝಾನಮ್ ತೀರಿಕೊಂಡ ಎಂಟು ವರ್ಷಗಳಲ್ಲಿ ಆ ಪರೀಕ್ಷೆ ಬಂತು. 1861ರಲ್ಲಿ ಫ್ರೆಂಚ್ ಸರಕಾರದ ಗೃಹಮಂತ್ರಿ ಪೆರ್ಸಿನ್ಯಿ ಸಂಸ್ಥೆಯ ಮೇಲೆ ಕಣ್ಣಿಟ್ಟರು. ಇಷ್ಟು ದೊಡ್ಡ ಸಂಘಟನೆ ಸರಕಾರದ ಹಿಡಿತದಲ್ಲಿರಬೇಕು, ಮಹಾಧ್ಯಕ್ಷರ ನೇಮಕ ಸರಕಾರದ ಕೈಯಲ್ಲಿರಬೇಕು ಎಂಬ ಒತ್ತಡ ಬಂತು. ಸಂಸ್ಥೆ ಒಪ್ಪಲಿಲ್ಲ. ಕೇಂದ್ರ ಮಂಡಳಿಯೇ ವಿಸರ್ಜನೆಯಾಯಿತು. ಫ್ರಾನ್ಸಿನಲ್ಲಿ ಅನೇಕ ಘಟಕಗಳು ಮುಚ್ಚಿದವು.

ಆದರೂ ಸಂಸ್ಥೆ ಸಾಯಲಿಲ್ಲ. ಪ್ರತಿ ಧರ್ಮಕೇಂದ್ರದಲ್ಲಿ ಕೆಲಸ ಬಲ್ಲ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇದ್ದರು. ಪ್ರತಿ ಸದಸ್ಯನಿಗೂ ತನ್ನ ಕುಟುಂಬಗಳು ಗೊತ್ತಿದ್ದವು. ತಲೆಯನ್ನು ತೆಗೆದರೆ ಬೀಳುವ ಸಂಘವಾಗಿರಲಿಲ್ಲ ಅದು. 1834ರ ಆ ಬಿಸಿ ಚರ್ಚೆಯ ಫಲ 1861ರಲ್ಲಿ ಕಾಣಿಸಿತು. ಭಾರತದಲ್ಲಿ ಈ ಸಂಸ್ಥೆ ಕಾಲಿಟ್ಟದ್ದು ಇದರ ಬೆನ್ನಿಗೆ, 1863ರಲ್ಲಿ, ಮುಂಬಯಿಯಲ್ಲಿ.

ಸಂಸ್ಥೆಗೆ ಕೊರತೆಗಳಿರಲಿಲ್ಲ ಎಂದಲ್ಲ. ಸಿಸ್ಟರ್ ರೋಸಲಿಯವರಿಂದ ಕಲಿತ ಸಂಘದಲ್ಲಿ ಬಹುಕಾಲ ಪುರುಷರು ಮಾತ್ರ ಸದಸ್ಯರಾಗಿದ್ದರು. ಮಹಿಳೆಯರ ಸಮಾನಾಂತರ ಸಂಸ್ಥೆ ಇದರೊಡನೆ ಒಂದಾದದ್ದು 1967ರಲ್ಲಿ. ಎಂಟನೆಯವನಿಗೆ ತೆರೆದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಲು ಅಷ್ಟು ಸಮಯ ಬೇಕಾಯಿತು.

1997ರ ಆಗಸ್ಟ್ 22ರಂದು ಪೋಪ್ ಎರಡನೇ ಜಾನ್ ಪಾವ್ಲ್ ಅವರು ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಓಝಾನಮ್ ಅವರನ್ನು ಪುನೀತ ಪದವಿಗೇರಿಸಿದರು. ವಿಶ್ವ ಯುವಜನ ದಿನಾಚರಣೆಗೆಂದು ಜಗತ್ತಿನ ಯುವಜನರು ಆ ನಗರದಲ್ಲಿ ನೆರೆದಿದ್ದ ದಿನಗಳವು. ಸಿಸ್ಟರ್ ರೋಸಲಿ ರೆಂಡು 2003ರ ನವೆಂಬರ್ 9ರಂದು ಪುನೀತ ಪದವಿ ಪಡೆದರು.

ನಮಗೆ ಉಳಿಯುವ ಪ್ರಶ್ನೆ

ನಮ್ಮ ಪಾಲನಾ ಪರಿಷತ್ತು, ವಾಳೆ, ಯುವಜನ ಸಂಘಟನೆ, ಸ್ತ್ರೀಯರ ಸಂಘ, ಸೌಹಾರ್ದ ಕೂಟಗಳೆಲ್ಲ ಸದಸ್ಯರ ಪ್ರೀತಿಯಿಂದ ನಡೆಯುವಂಥವು. ಇಲ್ಲಿ ಸಂಬಳವಿಲ್ಲ, ಶಿಕ್ಷೆಯಿಲ್ಲ. ಮನಸ್ಸು ಮುರಿದರೆ ಸದಸ್ಯರು ಸದ್ದಿಲ್ಲದೆ ಬರುವುದನ್ನು ನಿಲ್ಲಿಸುತ್ತಾರೆ. ಆದುದರಿಂದ ಓಝಾನಮ್ ಅವರ ಬದುಕು ಪೂಜಿಸಲಿಕ್ಕೆ ಮಾತ್ರವಲ್ಲ, ಮುಂದಿನ ಸಭೆಗೆ ಹೋಗುವ ಮೊದಲು ನೆನಪಿಸಿಕೊಳ್ಳಲಿಕ್ಕೂ ಬೇಕಾದದ್ದು.

ನಮ್ಮ ಸಂಘದಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಒಂದು ಸ್ಪಷ್ಟ ಕೆಲಸ ಇದೆಯೇ? ಹೊಸಬರು ಬಂದಾಗ ಅವರಿಗೆ ಕುರ್ಚಿ ಮಾತ್ರ ಕೊಡುತ್ತೇವೆಯೇ, ಜವಾಬ್ದಾರಿಯನ್ನೂ ಕೊಡುತ್ತೇವೆಯೇ? ಮತದಲ್ಲಿ ಸೋತವರ ಭಯಕ್ಕೆ ನಿರ್ಣಯ ಪುಸ್ತಕದಲ್ಲಿ ಜಾಗ ಇದೆಯೇ? ನಮಗಿಂತ ಕಿರಿಯರು ಅಧ್ಯಕ್ಷರಾದರೆ ಅವರ ಜತೆ ಸಾಮಾನ್ಯ ಸದಸ್ಯರಾಗಿ ದುಡಿಯಲು ನಾವು ಸಿದ್ಧರೇ?

ಬೈಲಿ, ಲಾಲಿಯೆ, ದೆವೊ, ಗೋಸೆಂ, ಬೋದೊಂ ಮುಂತಾದವರ ಹೆಸರು ಇಂದು ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಅವರಿಲ್ಲದೆ ಓಝಾನಮ್ ಅವರ ಹೆಸರೂ ನಮಗೆ ತಲುಪುತ್ತಿರಲಿಲ್ಲ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಓಝಾನಮ್ ಅವರೇ. ಈ ವಾರ ನಮ್ಮ ಧರ್ಮಕೇಂದ್ರದ ಸಭೆಯಲ್ಲಿ ಅವರ ಚಿತ್ರ ಕಣ್ಣಿಗೆ ಬಿದ್ದರೆ, ಚಿತ್ರದಲ್ಲಿ ಇಲ್ಲದ ಆ ಆರು ಮಂದಿಯನ್ನೂ ನೆನೆಯೋಣ. ಹಾಗೆಯೇ ನಮ್ಮ ಸಂಘದಲ್ಲಿ ಹೆಸರಿಲ್ಲದೆ ದುಡಿಯುತ್ತಿರುವವರ ಕಡೆಗೂ ಒಮ್ಮೆ ತಿರುಗಿ ನೋಡೋಣ.